ಎರಡು ಮೀಟರ್ ದೂರದ ಹತ್ತು ಸಾವಿರ ಡೊಳ್ಳು

ಬಯಲಿನಲ್ಲಿ ಬ್ಯಾಂಡೊಂದು ಮೂರು ಗಂಟೆ ಹೊತ್ತು ನುಡಿಸುತ್ತದೆ. ವೇದಿಕೆಯ ಎರಡೂ ಬದಿಗೆ ಆಳೆತ್ತರ ಮೀರಿದ ಸ್ಪೀಕರ್ ಬಾಕ್ಸುಗಳು, ಹಿಂದೆ ಎಡೆಬಿಡದೆ ಓಡುವ ಜನರೇಟರ್, ಎದೆಗೂಡಿನಲ್ಲೇ ಬಡಿದಂತೆ ಕೇಳುವ ಡ್ರಮ್. ತೀರಾ ಮುಂದೆ ನಿಂತವರ ಕಿವಿಗೆ 110 ಡೆಸಿಬೆಲ್ ಸದ್ದು ಬಡಿಯುತ್ತಿದೆ ಎಂದುಕೊಳ್ಳೋಣ. ಅಷ್ಟು ಹೊತ್ತಿನಲ್ಲಿ ಅವರ ಒಂದು ಕಿವಿತಮಟೆಯ ಮೇಲೆ ಬಿದ್ದ ಒಟ್ಟು ಶಕ್ತಿ ಎಷ್ಟು? ಆರು ಗ್ರಾಂ ತೂಕದ ಐದು ರೂಪಾಯಿ ನಾಣ್ಯವನ್ನು ನೆಲದಿಂದ ಹೆಚ್ಚುಕಡಿಮೆ ಒಂದು ಮೀಟರ್ ಮೇಲೆತ್ತಲು ಸಾಕಾಗುವಷ್ಟು. ಅದಕ್ಕಿಂತ ಹೆಚ್ಚಿಲ್ಲ.

ಲೆಕ್ಕ ಸರಳ. 110 ಡೆಸಿಬೆಲ್ ಎಂದರೆ ಒಂದು ಚದರ ಮೀಟರಿಗೆ 0.1 ವ್ಯಾಟ್. ಕಿವಿತಮಟೆಯ ಹರವು ಸುಮಾರು 60 ಚದರ ಮಿಲಿಮೀಟರ್. ಅದರ ಪಾಲಿಗೆ ಬರುವುದು ಒಂದು ವ್ಯಾಟಿನ ಹತ್ತು ಲಕ್ಷ ಪಾಲಿನಲ್ಲಿ ಆರು ಪಾಲು. ಮೂರು ಗಂಟೆಯ 10,800 ಸೆಕೆಂಡುಗಳಿಂದ ಗುಣಿಸಿದರೆ 0.065 ಜೂಲ್. ನಮ್ಮ ಕಿಸೆಯ ಮೊಬೈಲಿನ ಬ್ಯಾಟರಿ ತುಂಬಲು ಸುಮಾರು 54,000 ಜೂಲ್ ಬೇಕು. ಕಿವಿಗೆ ಬಿದ್ದ ಸಂಗೀತವನ್ನೇ ಕೂಡಿಟ್ಟು ಅದನ್ನು ತುಂಬಿಸಲು ಹೊರಟರೆ ಎಂಟು ಲಕ್ಷಕ್ಕೂ ಹೆಚ್ಚು ಕಛೇರಿ ಕೇಳಬೇಕು. ದಿನಕ್ಕೊಂದರಂತೆ ಕೇಳುತ್ತ ಬಂದರೆ 2,200 ವರ್ಷ ದಾಟುತ್ತದೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ಕೆತ್ತಿದ ಕಾಲದಲ್ಲಿ ಕೂತವರು ಈಗ ಎದ್ದರೆ ಆದೀತು.

ಕುಣಿಸುವುದು, ಅಳಿಸುವುದು, ಗುರುತಿಲ್ಲದವರ ಹೆಗಲ ಮೇಲೆ ಕೈ ಹಾಕಿಸುವುದು, ಎಲ್ಲವೂ ಇಷ್ಟು ಕಿಂಚಿತ್ ಶಕ್ತಿಯ ಕೆಲಸ. ಇದು ಸಾಧ್ಯವಾಗಿರುವುದು ನಮ್ಮ ಕಿವಿಯ ಸೂಕ್ಷ್ಮತೆಯಿಂದ. ಕೇಳಿಯೂ ಕೇಳದಂಥ ಸದ್ದಿಗೂ ನೋವಾಗುವಷ್ಟು ಸದ್ದಿಗೂ ನಡುವೆ 120 ಡೆಸಿಬೆಲ್ ಅಂತರವಿದೆ. ಶಕ್ತಿಯ ಲೆಕ್ಕದಲ್ಲಿ ಅದು ಒಂದಕ್ಕೆ ಒಂದು ಲಕ್ಷ ಕೋಟಿ ಪಟ್ಟು. ಅತ್ಯಂತ ಮೆಲುವಾದ ಸದ್ದಿನಲ್ಲಿ ಗಾಳಿಯ ಕಣ ಅತ್ತಿತ್ತ ಸರಿಯುವ ದೂರ ಒಂದು ಹೈಡ್ರೋಜನ್ ಪರಮಾಣುವಿನ ಅಗಲದ ಹತ್ತನೇ ಒಂದು ಭಾಗ. ಅಷ್ಟು ಸಣ್ಣ ಅಲುಗಾಟವನ್ನೂ ನಮ್ಮ ಕಿವಿ ಹಿಡಿಯುತ್ತದೆ. ಇನ್ನೊಂದು ತುದಿಯಲ್ಲಿ, 110 ಡೆಸಿಬೆಲ್‌ನ ಅಬ್ಬರ ಗಾಳಿಯ ಒತ್ತಡವನ್ನು ಏರಿಳಿಸುವುದು ಸುಮಾರು ಆರು ಪಾಸ್ಕಲ್. ಸಮುದ್ರಮಟ್ಟದಲ್ಲಿ ಗಾಳಿ ನಮ್ಮನ್ನು ಒತ್ತುವುದು 1,01,325 ಪಾಸ್ಕಲ್. ಕೂತಲ್ಲಿಂದ ಎದ್ದು ತಲೆ ಅರ್ಧ ಮೀಟರ್ ಮೇಲಕ್ಕೆ ಹೋದರೂ ಒತ್ತಡ ಅಷ್ಟೇ ಬದಲಾಗುತ್ತದೆ. ಆ ಬದಲಾವಣೆ ನಮಗೆ ಗೊತ್ತೇ ಆಗುವುದಿಲ್ಲ. ಅದೇ ಆರು ಪಾಸ್ಕಲ್ ಸೆಕೆಂಡಿಗೆ ನೂರಾರು ಸಲ ಏರಿ ಇಳಿದರೆ ಅದು ಗಿಟಾರ್.

ಈ ಅಳತೆಗಳನ್ನು ಹಿಡಿದುಕೊಂಡು ಉಳವಿಗೆ ಬರೋಣ. ಸೊರಬ ತಾಲ್ಲೂಕಿನ ಹೋಬಳಿ ಊರು. ಒಂದು ಮಗ್ಗುಲಿಗೆ ಸಾಗರ ತಾಲ್ಲೂಕು, ಇನ್ನೊಂದು ಮಗ್ಗುಲಿಗೆ ಶಿಕಾರಿಪುರ. ಶಿಕಾರಿಪುರದ ಬಳ್ಳಿಗಾವಿಯಲ್ಲಿ ಹುಟ್ಟಿದ ಅಲ್ಲಮ, ಅನುಭವ ಮಂಟಪದ ಶೂನ್ಯಪೀಠ ಏರುವ ಮೊದಲು ಮದ್ದಳೆ ಬಾರಿಸುವವನಾಗಿದ್ದ ಎಂದು ಕಾವ್ಯಗಳು ಹೇಳುತ್ತವೆ. ಚರ್ಮವಾದ್ಯದ ಸೀಮೆ ಇದು. ಬೀರಲಿಂಗೇಶ್ವರನ ಭಕ್ತರಾದ ಕುರುಬರು ಉಳಿಸಿಕೊಂಡು ಬಂದ ಡೊಳ್ಳು ಇಲ್ಲಿಯ ಜಾತ್ರೆ, ಹಬ್ಬ, ಮೆರವಣಿಗೆಗಳಲ್ಲಿ ಮೊಳಗುತ್ತದೆ. ಈಗ ಹೆಣ್ಣುಮಕ್ಕಳ ತಂಡಗಳೂ ಇವೆ. ಕಂಪನಿಯ ಹಂಗಿಲ್ಲದೆ ತಾವೇ ಕಲಿತು, ತಾವೇ ಹಣ ಹೊಂದಿಸಿ, ವ್ಯಾನು ಹತ್ತಿ ಊರೂರು ತಿರುಗುವವರನ್ನು ಇಂಡೀ ಬ್ಯಾಂಡ್ ಎನ್ನುವುದಾದರೆ, ಡೊಳ್ಳಿನ ತಂಡಕ್ಕಿಂತ ಹಳೆಯ ಇಂಡೀ ಬ್ಯಾಂಡ್ ನಮ್ಮಲ್ಲಿಲ್ಲ.

ಒಂದು ಡೊಳ್ಳು ಬಾರಿಸಿದಾಗ ಎದುರು ನಿಂತವರಿಗೆ 100 ಡೆಸಿಬೆಲ್ ಕೇಳುತ್ತದೆ ಎಂದಿಟ್ಟುಕೊಳ್ಳೋಣ. ಹತ್ತು ಡೊಳ್ಳು ಒಟ್ಟಿಗೆ ಮೊಳಗಿದರೆ? ಸಾವಿರ ಡೆಸಿಬೆಲ್ ಆಗುವುದಿಲ್ಲ, 110 ಆಗುತ್ತದೆ. ನಮ್ಮ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಜೋರೆನಿಸಬೇಕಾದರೆ ಶಕ್ತಿ ಹತ್ತು ಪಟ್ಟು ಆಗಬೇಕು. ನಾಲ್ಕು ಪಟ್ಟು ಜೋರೆನಿಸಲು ನೂರು ಡೊಳ್ಳು, ಎಂಟು ಪಟ್ಟಿಗೆ ಸಾವಿರ ಡೊಳ್ಳು ಬೇಕು. ಮೇಳ ಕಟ್ಟುವ ಯಜಮಾನನಿಗೆ ಇದು ತುಂಬ ದುಬಾರಿ ವ್ಯಾಪಾರ.

ಆದರೆ ದುಡ್ಡೇ ಬೇಡದ ಇನ್ನೊಂದು ದಾರಿಯಿದೆ: ಹತ್ತಿರ ಹೋಗುವುದು. ತೆರೆದ ಬಯಲಿನಲ್ಲಿ ಸದ್ದು ಎಲ್ಲ ಕಡೆಗೂ ಹರಡಿಕೊಳ್ಳುತ್ತ ತೆಳುವಾಗುತ್ತದೆ. ದೂರ ಎರಡು ಪಟ್ಟಾದರೆ ಅದರ ತೀವ್ರತೆ ಕಾಲು ಭಾಗಕ್ಕಿಳಿಯುತ್ತದೆ. ಹತ್ತು ಪಟ್ಟಾದರೆ ನೂರರಲ್ಲೊಂದು ಭಾಗಕ್ಕೆ. ಇದನ್ನೇ ತಿರುಗಿಸಿ ನೋಡಿ. ಎರಡು ಮೀಟರ್ ದೂರದಲ್ಲಿ ಬಾರಿಸುವ ಒಂದು ಡೊಳ್ಳು ಕಿವಿಗೆ ಕೊಡುವಷ್ಟನ್ನು 20 ಮೀಟರ್ ಆಚೆಯಿಂದ ಕೊಡಲು ನೂರು ಡೊಳ್ಳು ಬೇಕು. 200 ಮೀಟರ್ ಆಚೆಯಿಂದ ಕೊಡಲು ಹತ್ತು ಸಾವಿರ ಡೊಳ್ಳು ಬೇಕು. ಊರ ದೇವಸ್ಥಾನದ ಅಂಗಳದಲ್ಲಿ, ಡೊಳ್ಳಿನವನ ಬೆವರು ಕಾಣುವಷ್ಟು ಸಮೀಪ ನಿಂತ ಮಗುವಿನ ಕಿವಿಗೆ ಸಿಗುವುದು ಹತ್ತು ಸಾವಿರ ಜನರ ಮೇಳ. ನಾನು ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಬೆರಗು ಕಡಿಮೆಯಾಗಿಲ್ಲ.

ದೊಡ್ಡ ಮೈದಾನದ ಬೆರಗೇ ಬೇರೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಹತ್ತಾರು ಸಾವಿರ ಜನ ಸೇರಿದ್ದರು. ಅಂಥ ಜನಸಾಗರದಲ್ಲಿ ಕಾಲವೇ ಒಂದೊಂದು ಸಾಲಿಗೆ ಒಂದೊಂದಾಗುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹಾಡಿನ ಲಯ ನಿಮಿಷಕ್ಕೆ 120 ಪೆಟ್ಟು ಎಂದರೆ ಪೆಟ್ಟಿನಿಂದ ಪೆಟ್ಟಿಗೆ ಅರ್ಧ ಸೆಕೆಂಡ್. ಹಾಗಾದರೆ ವೇದಿಕೆಯಿಂದ 85 ಮೀಟರ್ ಹಿಂದೆ ನಿಂತವರಿಗೆ ಪೆಟ್ಟು ಕೇಳುವುದು ಕಾಲು ಸೆಕೆಂಡ್ ತಡವಾಗಿ. ಮುಂದಿನ ಸಾಲಿನವರ ಎರಡು ಚಪ್ಪಾಳೆಗಳ ಸರಿಯಾಗಿ ನಡುವೆ ಇವರ ಚಪ್ಪಾಳೆ ಬೀಳುತ್ತದೆ. ಆ ಚಪ್ಪಾಳೆ ತಿರುಗಿ ವೇದಿಕೆ ಮುಟ್ಟಲು ಇನ್ನೊಂದು ಕಾಲು ಸೆಕೆಂಡ್. ಹಾಡುಗಾರನ ಕಿವಿಗೆ ಅದು ಇಡೀ ಒಂದು ಪೆಟ್ಟು ತಡವಾಗಿ ಬರುತ್ತದೆ. ತಾಳ ತಪ್ಪದಿರಲೆಂದು ಹಾಡುವವರು ಕಿವಿಯೊಳಗೆ ಪುಟ್ಟ ಸ್ಪೀಕರ್ ಇಟ್ಟುಕೊಳ್ಳಲು ಇದೂ ಒಂದು ಕಾರಣ. ಮೈದಾನದ ನಡುವೆ ಗೋಪುರದ ಹಾಗೆ ನಿಲ್ಲಿಸಿದ ಸ್ಪೀಕರುಗಳಿಗೂ ಬೇಕೆಂದೇ ತಡ ಮಾಡಿ ಸದ್ದು ಕಳಿಸುತ್ತಾರೆ. ಇಲ್ಲದಿದ್ದರೆ ವೇದಿಕೆಯ ಸದ್ದಿಗಿಂತ ಅವುಗಳದೇ ಮೊದಲು ಕೇಳಿ ಒಂದೇ ಮಾತು ಎರಡಾಗುತ್ತದೆ.

ಈ ತಡ ಎಷ್ಟು ದೊಡ್ಡದೆಂದು ತಿಳಿಯಲು ಭದ್ರಾವತಿ ಆಕಾಶವಾಣಿಯನ್ನು ನೆನೆಯಿರಿ. ಅಲ್ಲಿಯ ಸ್ಟುಡಿಯೊದಲ್ಲಿ ಮೈಕಿಗೆ ಬಾಯಿ ಹತ್ತಿರವಿಟ್ಟು ನೇರ ಪ್ರಸಾರದಲ್ಲಿ ಹಾಡುವವರ ದನಿ ರೇಡಿಯೊ ಅಲೆಯಾಗಿ ನೂರು ಕಿಲೋಮೀಟರ್ ದಾಟಲು ಒಂದು ಸೆಕೆಂಡಿನ ಮೂರು ಸಾವಿರದಲ್ಲೊಂದು ಭಾಗ ಸಾಕು. ಅಷ್ಟರಲ್ಲಿ ಗಾಳಿಯಲ್ಲಿ ಹೊರಟ ದನಿ ಒಂದು ಗೇಣೂ ಸಾಗಿರುವುದಿಲ್ಲ. ಸ್ಟುಡಿಯೊದಲ್ಲೇ ಮೂರು ಮೀಟರ್ ಆಚೆ ಕೂತವರಿಗೆ ಹಾಡು ಕೇಳುವ ಮೊದಲೇ, ಉಳವಿಯ ಮನೆಯಲ್ಲಿ ರೇಡಿಯೊ ಕಿವಿಗೆ ಹಿಡಿದವರು ಅದನ್ನು ಕೇಳಿರುತ್ತಾರೆ.

ಆದರೂ ರಾತ್ರಿಯ ಗಾಳಿ ಹಳ್ಳಿಗೆ ಒಂದು ಉಪಕಾರ ಮಾಡುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ಅದಕ್ಕೆ ತಾಗಿದ ಗಾಳಿ ತಂಪಾಗಿ, ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ನೆಲಕ್ಕೇ ಮರಳುತ್ತದೆ. ಬಯಲಾಟದ ಚಂಡೆ ಗದ್ದೆ ಬಯಲು ದಾಟಿ ಆಚೆ ಊರಿಗೆ ಕೇಳುವುದು ಹೀಗೆ. ಮೂರು ಕಿಲೋಮೀಟರ್ ಆಚೆ ಹಾಸಿಗೆಯಲ್ಲಿ ಮಲಗಿ ಕೇಳುವವರಿಗೆ ಒಂದೊಂದು ಪೆಟ್ಟೂ ಒಂಬತ್ತು ಸೆಕೆಂಡ್ ಹಳೆಯದು. ಅಷ್ಟು ದೂರಕ್ಕೆ ಭಾಗವತರ ಪದ ತಿಳಿಯದು, ಬಡಿತ ಮಾತ್ರ ಬರುತ್ತದೆ. ಎತ್ತರದ ಸ್ವರಗಳನ್ನು ಗಾಳಿ ದಾರಿಯಲ್ಲೇ ಹೀರಿಕೊಳ್ಳುತ್ತದೆ, ತಗ್ಗಿನ ಸ್ವರಗಳನ್ನು ಬಿಟ್ಟುಕೊಡುತ್ತದೆ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಅದರ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಗೋಡೆ, ಬೇಲಿ, ಮರದ ಸಾಲು ಅದಕ್ಕೆ ಲೆಕ್ಕಕ್ಕಿಲ್ಲ, ಬಳಸಿಕೊಂಡು ಮುಂದೆ ಹೋಗುತ್ತದೆ.

ಸಂಗೀತೋತ್ಸವಗಳು ಬೆಳೆದ ವೇಗವೂ ದಂಗುಬಡಿಸುತ್ತದೆ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ ಶುರುವಾದದ್ದು 1970ರ ಸೆಪ್ಟೆಂಬರ್‌ನಲ್ಲಿ, ಹಾಲು ಕರೆಯುವ ರೈತನೊಬ್ಬನ ಜಮೀನಿನಲ್ಲಿ. ಟಿಕೆಟ್ ಒಂದು ಪೌಂಡ್, ಜತೆಗೆ ಹಾಲು ಪುಕ್ಕಟೆ. ಬಂದವರು ಸುಮಾರು 1,500. ಇಂದು ಅದೇ ಜಮೀನಿಗೆ ಎರಡು ಲಕ್ಷದಷ್ಟು ಜನ ಬರುತ್ತಾರೆ. ಆ ಮೊದಲ ಉತ್ಸವದ ಹಿಂದಿನ ವರ್ಷ, 1969ರ ಆಗಸ್ಟ್ 15ಕ್ಕೆ ಅಮೆರಿಕದಲ್ಲಿ ಆರಂಭವಾದ ವುಡ್‌ಸ್ಟಾಕ್ ಉತ್ಸವವೂ ಹೈನುಗಾರನ ಹೊಲದಲ್ಲೇ ನಡೆಯಿತು. ಸೇರಿದವರು ನಾಲ್ಕು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. ನಮ್ಮ ಕನ್ನಡದ ಹಾಡು ಇಂಗ್ಲೆಂಡಿನವರೆಗೂ ಹೋಗಿದೆ. 1819ರಲ್ಲಿ ಹುಟ್ಟಿದ ಶಿಶುನಾಳ ಷರೀಫರ ಪದಗಳನ್ನು ಗಿಟಾರ್, ಡ್ರಮ್ ಜತೆ ಹಾಡಿದ ರಘು ದೀಕ್ಷಿತ್ ಪ್ರಾಜೆಕ್ಟ್ ಗ್ಲಾಸ್ಟನ್‌ಬರಿಯಲ್ಲೂ ಹಾಡಿದೆ. ಷರೀಫರ ಹಾವೇರಿ ಜಿಲ್ಲೆ ಸೊರಬ, ಶಿಕಾರಿಪುರಗಳ ಬೇಲಿ ಪಕ್ಕದ್ದೇ. ಆದರೆ ಬೆಂಗಳೂರಿನ ಬ್ಯಾಂಡುಗಳು ಬೆಳೆದದ್ದು ಲಕ್ಷಗಳ ಎದುರು ಅಲ್ಲ. 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಇರಲಿ, ಜನಪದದ ಜಾಡು ಹಿಡಿದ ಸ್ವರಾತ್ಮ ಇರಲಿ, ಇಂಥ ತಂಡಗಳ ಬಲ ಇರುವುದು ಹೆಸರು ಹಿಡಿದು ಕೂಗಿದರೆ ಕೇಳುವಷ್ಟು ಹತ್ತಿರದ ಕೇಳುಗರಲ್ಲಿ.

ಇದನ್ನೂ ಲೆಕ್ಕದಲ್ಲೇ ನೋಡೋಣ. 40,000 ಜನ, ಚದರ ಮೀಟರಿಗೆ ಮೂವರಂತೆ ಒತ್ತಿಕೊಂಡು, ವೇದಿಕೆಯ ಮುಂದೆ ಅರ್ಧವೃತ್ತದಲ್ಲಿ ನಿಂತರೆ ಕೊನೆಯ ಸಾಲು 92 ಮೀಟರ್ ಆಚೆ ಇರುತ್ತದೆ. ಅರ್ಧಕ್ಕರ್ಧ ಜನ 65 ಮೀಟರಿಗಿಂತ ದೂರ. ಅಲ್ಲಿಂದ ನೋಡಿದರೆ ಆರಡಿಗೆ ಸ್ವಲ್ಪ ಕಡಿಮೆ ಎತ್ತರದ ಹಾಡುಗಾರ, ಚಾಚಿದ ಕೈಯ ಬೆರಳಿನ ಪಕ್ಕದಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ಕಾಣುತ್ತಾನೆ. ಈಗ ಉಳವಿಯಂಥ ಊರಿನ ಶಾಲೆ ಅಂಗಳ. ಚಾಪೆ ಹಾಸಿ, ಚದರ ಮೀಟರಿಗೆ ಇಬ್ಬರಂತೆ ಆರಾಮಾಗಿ ಕೂತರೂ 300 ಜನ ಹತ್ತು ಮೀಟರ್ ಒಳಗೆ ಹಿಡಿಯುತ್ತಾರೆ. ಅರ್ಧ ಜನ ಏಳೇ ಮೀಟರ್ ಒಳಗಿರುತ್ತಾರೆ. ಮೈದಾನದ ನಡುವಿನ ಕೇಳುಗನಿಗಿಂತ ಈ ಅಂಗಳದ ನಡುವಿನ ಕೇಳುಗನಿಗೆ, ಅದೇ ದನಿಯಿಂದ, ಒಂದು ಸ್ಪೀಕರನ್ನೂ ಹೆಚ್ಚಿಸದೆ, ಸುಮಾರು 86 ಪಟ್ಟು ಸಂಗೀತ ಸಿಗುತ್ತದೆ.

ಕಿವಿಗೂ ಇದು ಕ್ಷೇಮ. ಒಳಗಿವಿಯಲ್ಲಿ ಸದ್ದನ್ನು ನರದ ಸಂದೇಶವಾಗಿಸುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15,000. ಅವುಗಳಲ್ಲಿ ಕೇಳುವ ಕೆಲಸದ ಬಹುಪಾಲು ಹೊತ್ತವು ಬರೀ 3,500. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೆಲಸದ ಸ್ಥಳಗಳಿಗೆಂದು ಅಮೆರಿಕದ ತಜ್ಞರು ಮಾಡಿದ ಲೆಕ್ಕದಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಸದ್ದು ಮೂರು ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತ ಹೋಗುತ್ತದೆ. 100 ಡೆಸಿಬೆಲ್‌ಗೆ ಕಾಲು ಗಂಟೆ. 110ಕ್ಕೆ ಒಂದೂವರೆ ನಿಮಿಷ. ಮೂರು ಗಂಟೆ ಸ್ಪೀಕರ್ ಮುಂದೆ ನಿಂತವರು ಆ ಮಿತಿಯನ್ನು 120 ಸಲ ದಾಟಿರುತ್ತಾರೆ. ಹತ್ತಿರದಿಂದ ಕೇಳುವವರಿಗೆ ಸದ್ದು ಅಷ್ಟು ಏರಿಸುವ ಅಗತ್ಯವೇ ಬೀಳದು. ಡೊಳ್ಳಿನ ಎದುರು ಮಕ್ಕಳನ್ನು ನಿಲ್ಲಿಸುವಾಗ ಮಾತ್ರ ಅವರ ಕಿವಿಗೆ ಸದ್ದು ತಡೆಯುವ ಇಯರ್‌ಪ್ಲಗ್ ಇರಲಿ, ತುಂಬ ಹೊತ್ತು ಬೇಡ.

ಕೊನೆಯ ಲೆಕ್ಕ ಒಂದು ಉಳಿದಿದೆ. ಆ 40,000 ಜನರನ್ನು 300ರ ಸಭೆಗಳಾಗಿ ಹಂಚಿದರೆ ಆಗುವುದು 133 ರಾತ್ರಿ. ಹೊರನಾಡಿನ ಬ್ಯಾಂಡಿಗೆ ಅದು ದೊಡ್ಡ ಪ್ರವಾಸ ಅನ್ನಿಸಬಹುದು, ನಮ್ಮ ನೆಲಕ್ಕೆ ಅದು ಪಳಗಿದ ಸಂಖ್ಯೆ. ಯಕ್ಷಗಾನ ಮೇಳಗಳು ವರ್ಷಕ್ಕೆ ಆರು ತಿಂಗಳು ರಾತ್ರಿಯಿಂದ ರಾತ್ರಿಗೆ ಊರು ಬದಲಿಸುತ್ತ ತಿರುಗುತ್ತವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1985ರಿಂದ ತನ್ನ ತಿರುಗಾಟದ ನಾಟಕಗಳನ್ನು ಕರ್ನಾಟಕದ ಉದ್ದಗಲಕ್ಕೆ ಒಯ್ಯುತ್ತ, ಹಂಗಾಮಿಗೆ ನೂರಕ್ಕೂ ಹೆಚ್ಚು ಪ್ರದರ್ಶನ ಕೊಡುತ್ತ ಬಂದಿದೆ. ದಾರಿ ಇದೆ, ಅಂಗಳಗಳಿವೆ, ರಾತ್ರಿಯಿಡೀ ಕೂತು ಕೇಳಿ ಪಳಗಿದ ಜನರಿದ್ದಾರೆ. ಗಿಟಾರ್ ಹಿಡಿದ ನಾಲ್ಕು ಹುಡುಗ ಹುಡುಗಿಯರು ಡೊಳ್ಳಿನ ತಂಡದ ಜತೆ ಅದೇ ದಾರಿ ಹಿಡಿಯಲಿ, ಊರವರು ಒಂದು ರಾತ್ರಿಯ ಊಟ ವಸತಿ ನೋಡಿಕೊಳ್ಳಲಿ. ಆಗ ನಮ್ಮ ರಾಜ್ಯದ ಅತಿ ದೊಡ್ಡ ಸಂಗೀತೋತ್ಸವ ಹಾಡುವವರಿಂದ ಹತ್ತು ಮೀಟರ್ ಮೀರದ ಅಂಗಳಗಳಲ್ಲೇ ನಡೆದುಹೋಗುತ್ತದೆ, ಬಂದ 40,000 ಮಂದಿಯೂ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.