ಗಾಯ ಮಾಯಿತು, ನರ ಕೂಡಿತೇ?

ಅಡಿಕೆ ಸುಲಿಗೆಯ ದಿನಗಳಲ್ಲಿ ತರೀಕೆರೆ ಸೀಮೆಯ ಮನೆಗಳಲ್ಲಿ ರಾತ್ರಿ ಬಹು ಹೊತ್ತಿನವರೆಗೂ ಕತ್ತಿಗಳಿಗೆ ಕೆಲಸ. ಅಜ್ಜಂಪುರದ ಕಡೆ ಈರುಳ್ಳಿಯ ಕಾಲ ಬಂತೆಂದರೆ ಹೆಣ್ಣುಮಕ್ಕಳು ಕುಡುಗೋಲು ಹಿಡಿದು ಗಡ್ಡೆಯಿಂದ ಸೊಪ್ಪನ್ನು ಕೊಯ್ಯುತ್ತ ಸಾಲಾಗಿ ಕೂರುತ್ತಾರೆ. ಕಡೂರಿನ ತೆಂಗಿನ ತೋಟಗಳಲ್ಲಿ ಮಚ್ಚಿಗೆ ಬಿಡುವಿಲ್ಲ. ಕೆಲಸ ಯಾವುದೇ ಇರಲಿ, ಆಯುಧ ಬಲಗೈಯಲ್ಲಿ, ಫಸಲು ಎಡಗೈಯಲ್ಲಿ. ಆದ್ದರಿಂದ ಅಲಗು ಜಾರಿದಾಗ ಪೆಟ್ಟು ಬೀಳುವುದು ಬಹುಮಟ್ಟಿಗೆ ಎಡಗೈಗೆ. ಪೂಜೆಯ ವೇಳೆ ಇಷ್ಟಲಿಂಗವನ್ನು ಇರಿಸಿಕೊಳ್ಳುವ ಅದೇ ಕೈಗೆ.

ಇಂಥ ಗಾಯಕ್ಕೆ ಅರಿಸಿನವನ್ನೋ ಕಾಫಿಪುಡಿಯನ್ನೋ ಮೆತ್ತಿ ಬಟ್ಟೆ ಸುತ್ತುವುದು ವಾಡಿಕೆ. ರಕ್ತ ನಿಲ್ಲದಿದ್ದರೆ ಹತ್ತಿರದ ದವಾಖಾನೆಯಲ್ಲಿ ನಾಲ್ಕು ಹೊಲಿಗೆ. ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿದರೆ ಮನೆಯವರ ಪಾಲಿಗೆ ಎಲ್ಲವೂ ಮುಗಿಯಿತು. ಕಿರುಬೆರಳು ಜೋಮು ಹಿಡಿದಂತಿದೆ ಎಂದು ಗಾಯಾಳು ಹೇಳಿದರೆ, ಗಾಯ ಇನ್ನೂ ಹಸಿಯಾಗಿದೆ, ತಾನೇ ಸರಿಹೋಗುತ್ತದೆ ಎಂಬ ಸಮಾಧಾನ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಕಿರುಬೆರಳೂ ಉಂಗುರದ ಬೆರಳೂ ಕೊಕ್ಕೆಯಂತೆ ಬಾಗುತ್ತವೆ. ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಕರಗಿ ಕುಳಿ ಬೀಳುತ್ತದೆ. ಮೇಲೆ ಚರ್ಮ ಕೂಡಿದೆ, ಒಳಗೆ ತುಂಡಾದ ನರ ಕೂಡಿಲ್ಲ.

ಇಲ್ಲಿ ನಮ್ಮ ಆಡುಮಾತೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಕೈಮೇಲೆ ಹಸಿರಾಗಿ ಕಾಣುವ ರಕ್ತನಾಳವೂ ನಮಗೆ ನರವೇ, ಬೆರಳನ್ನು ಎಳೆಯುವ ಸ್ನಾಯುರಜ್ಜುವೂ ನರವೇ. ನಿಜವಾದ ನರ ಬೇರೆ. ಮಿದುಳು ಮತ್ತು ಬೆನ್ನುಹುರಿಯ ಅಪ್ಪಣೆಯನ್ನು ಸ್ನಾಯುವಿಗೆ ಒಯ್ಯುವುದು, ಚರ್ಮದ ಅರಿವನ್ನು ಮೇಲಕ್ಕೆ ತರುವುದು ಅದರ ಕಾಯಕ. 'ನರ ಕಟ್ಟಾಗಿತ್ತು, ಹೊಲಿದರು' ಎಂದು ಕೇಳಿದಾಗ ಯಾವುದನ್ನು ಹೊಲಿದರೆಂದು ವೈದ್ಯರನ್ನೇ ವಿಚಾರಿಸುವುದು ಒಳಿತು.

ತುಂಡಾದ ನರವನ್ನು ವಿದ್ಯುತ್ ತಂತಿಯಂತೆ ಸೇರಿಸಿದೊಡನೆ ಕೈ ಚೇತರಿಸಿಕೊಳ್ಳುತ್ತದೆ ಎಂಬ ಎಣಿಕೆ ಸರಿಯಲ್ಲ. 1850ರಲ್ಲಿ ಇಂಗ್ಲೆಂಡಿನ ವೈದ್ಯ ಅಗಸ್ಟಸ್ ವಾಲರ್ ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ ಪರೀಕ್ಷಿಸಿ, ಗಾಯದಿಂದ ಆಚೆಗಿನ ಎಳೆಗಳು ಸತ್ತು ಶಿಥಿಲವಾಗುವುದನ್ನು ತೋರಿಸಿದರು. ಉಳಿಯುವುದು ಆ ಎಳೆಗಳಿದ್ದ ಕೊಳವೆಗಳು ಮಾತ್ರ. ಎಲೆಬಳ್ಳಿಯನ್ನು ನಡುವೆ ಕೊಯ್ದರೆ ಬುಡದಿಂದ ಹೊಸ ಕುಡಿಯೊಡೆದು ಹಳೆಯ ಆಸರೆಯನ್ನೇ ಹಿಡಿದು ಹಬ್ಬುವುದಿಲ್ಲವೇ? ನರದ ಎಳೆಯೂ ಹಾಗೆಯೇ ಮೇಲಿನ ತುದಿಯಿಂದ ಚಿಗುರಿ ಹಳೆಯ ಕೊಳವೆಯೊಳಗೆ ಸಾಗಬೇಕು. ಅದರ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿ ಮುಟ್ಟಲು ಆರು ತಿಂಗಳು ಬೇಕು. ತೋಳಿನಲ್ಲಿ ತುಂಡಾಗಿದ್ದರೆ ಒಂದೂವರೆ ವರ್ಷವೂ ಸಾಲದು. ಆದರೆ ನರದ ನಂಟು ಕಳೆದುಕೊಂಡ ಸ್ನಾಯು ಒಂದು, ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲ ಕಾಯಲಾರದು. ಆಮೇಲೆ ನರ ಬಂದು ತಲುಪಿದರೂ ಸ್ನಾಯು ಓಗೊಡುವುದಿಲ್ಲ. ಒಂದೊಂದು ತಿಂಗಳ ವಿಳಂಬವೂ ಈ ಲೆಕ್ಕದಲ್ಲಿ ನಷ್ಟವೇ.

ಹರಿತವಾದ ಅಲಗಿನಿಂದಾದ ಗಾಯವಾದರೆ ಕೆಲವೇ ದಿನಗಳೊಳಗೆ ಜೋಡಿಸುವುದು ಉತ್ತಮ. ಸೂಕ್ಷ್ಮದರ್ಶಕದಡಿ, ತಲೆಗೂದಲಿಗಿಂತಲೂ ತೆಳುವಾದ ನೈಲಾನ್ ದಾರದಿಂದ ನರದ ಹೊರಕವಚವನ್ನು ಹೊಲಿಯುತ್ತಾರೆ. ನರದ ಮೇಲಿನ ಸಣ್ಣ ರಕ್ತನಾಳಗಳ ಗುರುತು ಹಿಡಿದು ತುದಿಗೆ ತುದಿ ಹೊಂದಿಸುತ್ತಾರೆ. ಅರಿವಿನ ಎಳೆ ಸ್ನಾಯುವಿನ ಕೊಳವೆಗೆ ಹೊಕ್ಕರೆ ಪ್ರಯೋಜನವಿಲ್ಲ. ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿದಾಗ ಮಾತು ಬೇರೆ. ಜಜ್ಜಿದ ಭಾಗವನ್ನು ಕತ್ತರಿಸಿ ತೆಗೆಯಬೇಕು, ನಡುವೆ ಅಂತರ ಬೀಳುತ್ತದೆ. ಎಳೆದು ಹೊಲಿದರೆ ಆ ಎಳೆತದಿಂದಲೇ ಕೆಲಸ ಕೆಡುತ್ತದೆ. ವಿಯೆನ್ನಾದ ಹಾನ್ನೋ ಮಿಲ್ಲೇಸಿ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ದಾರಿ ತೋರಿತು: ಶರೀರದ ಬೇರೆಡೆಯ ನರದ ತುಂಡುಗಳನ್ನು ಎಳೆತವಿಲ್ಲದಂತೆ ನಡುವೆ ಕಸಿ ಮಾಡುವುದು. ಇಂದು ಹೆಚ್ಚಾಗಿ ಮೀನಖಂಡದ ಹಿಂಬದಿಯ ನರವನ್ನು ತೆಗೆಯುತ್ತಾರೆ. ಪಾದದ ಹೊರ ಅಂಚು ಕೊಂಚ ಮರಗಟ್ಟುತ್ತದೆ, ನಡೆಗೆ ಅಡ್ಡಿಯಿಲ್ಲ.

ಕಡೂರು, ಬೀರೂರು, ತರೀಕೆರೆಗಳ ಮೇಲೆ ಹಾಯುವಂಥ ಹೆದ್ದಾರಿಗಳಲ್ಲಿ ಬೈಕಿನಿಂದ ಬೀಳುವ ತರುಣರದು ಇನ್ನೊಂದು ಪಾಡು. ಹೊರಗೆ ಗಾಯವಿಲ್ಲದೆಯೂ ಕತ್ತು ಭುಜಗಳ ನಡುವಿನ ನರಗಳ ಜಾಲ ಹರಿದು ತೋಳು ಜೋತುಬಿದ್ದಿರಬಹುದು. ತಾನಾಗಿ ಚೇತರಿಸುವುದೇ ಎಂದು ವೈದ್ಯರು ಸುಮಾರು ಮೂರು ತಿಂಗಳು ನೋಡುತ್ತಾರೆ. ನೋಡುವುದೆಂದರೆ ಪದೇ ಪದೇ ಪರೀಕ್ಷಿಸುವುದೇ ಹೊರತು ಮನೆಯಲ್ಲಿ ಎಣ್ಣೆ ತಿಕ್ಕಿಸಿಕೊಂಡು ಕೂರುವುದಲ್ಲ. ಫ್ರಾನ್ಸಿನ ಓಬರ್ಲಿನ್ 1994ರಲ್ಲಿ ವಿವರಿಸಿದ ವಿಧಾನದಲ್ಲಿ, ಅಂಗೈಗೆ ಹೋಗುವ ನರ ಸುಸ್ಥಿತಿಯಲ್ಲಿದ್ದರೆ ಅದರ ಒಂದು ಎಳೆಗಟ್ಟನ್ನು ಬಿಡಿಸಿ, ಮೊಣಕೈ ಮಡಿಸುವ ಸ್ನಾಯುವಿನ ನರಕ್ಕೆ ಸಮೀಪದಲ್ಲೇ ಸೇರಿಸುತ್ತಾರೆ. ದೂರ ಕಡಿಮೆ, ಫಲ ಬೇಗ.

ಮಣಿಕಟ್ಟಿನ ಬಳಿ ಕೊಯ್ದಾಗ ಮನೆಯವರು ಮಾಡಬಹುದಾದ ಪರೀಕ್ಷೆ ಒಂದಿದೆ. ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮೊದಲೇ ಗಾಯಾಳುವಿನ ಕಣ್ಣು ಮುಚ್ಚಿಸಿ ಕಿರುಬೆರಳ ತುದಿ, ತೋರುಬೆರಳ ತುದಿಗಳನ್ನು ಹಗುರವಾಗಿ ಮುಟ್ಟಿ ಕೇಳಬೇಕು. ಸ್ಪರ್ಶ ತಿಳಿಯದಿದ್ದರೆ ಆ ಮಾತನ್ನು ವೈದ್ಯರಿಗೆ ಮುಂಚಿತವಾಗಿ ಹೇಳಬೇಕು. ಶಿವಮೊಗ್ಗ, ದಾವಣಗೆರೆ, ಮಣಿಪಾಲ ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ಅಥವಾ ಕೈ ಶಸ್ತ್ರಚಿಕಿತ್ಸೆಯ ತಜ್ಞರು ಎಲ್ಲಿ ಸಿಗುವರೆಂದು ವಿಚಾರಿಸಬೇಕು. ಪ್ಲಾಸ್ಟಿಕ್ ಸರ್ಜರಿ ಎಂದರೆ ಮುಖದ ಅಂದಕ್ಕೆ ಮಾತ್ರ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಮಾತು ಬಾರದ ಕೂಸುಗಳಿಗೆ ಇನ್ನೊಂದು ಉಪಾಯವುಂಟು. ಗಾಯ ಒಣಗಿದ ಮೇಲೆ ಕೈಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಬೇರೆ ಬೆರಳುಗಳು ಸುಕ್ಕುಗಟ್ಟುತ್ತವೆ, ನರ ಹೋದ ಬೆರಳು ನಯವಾಗಿಯೇ ಉಳಿಯುತ್ತದೆ.

ಎಲ್ಲ ನರವೂ ಮರಳಿ ಬಾರದು. ವಯಸ್ಸು ಏರಿದಷ್ಟೂ ಫಲ ಕಡಿಮೆ. ಆಗಲೂ ಕೈಚೆಲ್ಲಬೇಕಿಲ್ಲ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು, ಕುಷ್ಠದಿಂದ ನರ ಸತ್ತು ಬಾಗಿದ ಬೆರಳುಗಳಿಗೆ ಸುಸ್ಥಿತಿಯ ಸ್ನಾಯುವಿನ ರಜ್ಜುವನ್ನು ಹೊರಳಿಸಿ ಜೋಡಿಸಿ, ಮತ್ತೆ ದುಡಿಯುವಂತೆ ಮಾಡತೊಡಗಿದರು. ಆ ಮಾರ್ಗ ಕತ್ತಿಯ ಗಾಯಕ್ಕೂ ತೆರೆದಿದೆ.

ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳು ಮನೆಯವರ ಪಾಲಿನವು. ಬೆರಳಗಂಟುಗಳು ಸೆಡೆಯದಂತೆ, ವೈದ್ಯರು ಅನುಮತಿ ಕೊಟ್ಟ ದಿನದಿಂದ ಪ್ರತಿನಿತ್ಯ ಇನ್ನೊಂದು ಕೈಯಿಂದ ಮಡಿಸಿ ಬಿಡಿಸಬೇಕು. ಅರಿವಿಲ್ಲದ ಕೈ ಒಲೆಯ ಮುಂದೆ ಸುಟ್ಟರೂ ತಿಳಿಯದು. ಅಡುಗೆಮನೆಯಲ್ಲಿ ತಾಯಂದಿರು ಅದನ್ನು ಕಣ್ಣಿನಿಂದಲೇ ಕಾಯಬೇಕು. ಸ್ಪರ್ಶ ಮರಳತೊಡಗಿದಾಗ ರಾಗಿ, ಅಕ್ಕಿ, ಕಡಲೆಗಳನ್ನು ಬೇರೆ ಬೇರೆ ಬಟ್ಟಲಲ್ಲಿಟ್ಟು ಮೊದಲು ನೋಡುತ್ತ, ಆಮೇಲೆ ಕಣ್ಣು ಮುಚ್ಚಿ ಮುಟ್ಟಿ ಗುರುತಿಸುವ ಅಭ್ಯಾಸ ಮಾಡಿಸುತ್ತಾರೆ. ಅಲ್ಲಿಯವರೆಗೆ ನರ ಎಲ್ಲಿಗೆ ಬಂದಿದೆಯೆಂದು ತಿಳಿಯಲು 1915ರಲ್ಲಿ ಫ್ರಾನ್ಸಿನ ಟಿನೆಲ್ ಬರೆದಿಟ್ಟ ಗುರುತೇ ಇಂದಿಗೂ ಬಳಕೆಯಲ್ಲಿದೆ. ನರದ ಹಾದಿಯಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ ಚಿಗುರು ಬಂದು ನಿಂತ ಜಾಗದಲ್ಲಿ ಜುಮ್ಮೆನ್ನುತ್ತದೆ. ಈ ತಿಂಗಳು ಮಣಿಕಟ್ಟಿನ ಕೆಳಗೆ, ಮುಂದಿನ ತಿಂಗಳು ಒಂದು ಅಂಗುಲ ಮುಂದೆ, ಅಂಗೈಯಲ್ಲಿ.