ಪೆಟ್ರೋಲ್ ಪೈಪ್ ಬಿಚ್ಚಿಕೊಳ್ತಿಲ್ವಾ? ಮೀಟುವ ಮೊದಲು ಇದನ್ನು ಓದಿ

ನಂಜನಗೂಡು/ತಿ.ನರಸೀಪುರ: ಫಿಲ್ಟರ್ ಬದಲಿಸುವುದು, ಪಂಪ್ ಕ್ಲೀನ್ ಮಾಡುವುದು, ಟ್ಯಾಂಕ್ ಇಳಿಸುವುದು ಇಂಥ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳುವವರು ಎರಡೂ ತಾಲ್ಲೂಕುಗಳಲ್ಲಿದ್ದಾರೆ. ಹುಲ್ಲಹಳ್ಳಿಯಾಗಲಿ, ಬನ್ನೂರಾಗಲಿ, ಗಾಡಿ ಕೈಕೊಟ್ಟರೆ ಅಂಗಡಿಗೆ ಸಾಮಾನು ಬರಲ್ಲ, ಅವತ್ತಿನ ವ್ಯಾಪಾರವೂ ಹೋಯ್ತು. ಆದರೆ ಈ ಕೆಲಸ ಎಷ್ಟೋ ಸಲ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ: ಇಂಧನ ಪೈಪಿನ ಜಾಯಿಂಟ್ ಬಿಚ್ಚಿಕೊಳ್ಳೋದೇ ಇಲ್ಲ. ಸಿಟ್ಟಿನಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪಂಪಿನ ಪ್ಲಾಸ್ಟಿಕ್ ಮೂತಿ ಮುರಿದು, ಸಣ್ಣ ಕೆಲಸ ಹೊಸ ಪಂಪ್ ಖರ್ಚಿಗೆ ಬಂದು ನಿಲ್ಲುತ್ತದೆ. ಪೆಟ್ರೋಲ್ ಚಿಮ್ಮಿದರೆ ಬೆಂಕಿಯ ಅಪಾಯ ಬೇರೆ.

ಜಾಯಿಂಟ್ ಹಠ ಹಿಡಿಯಲು ಮುಖ್ಯವಾಗಿ ಮೂರು ಕಾರಣ: ಪೈಪಿನೊಳಗಿನ ಪ್ರೆಶರ್, ಲಾಕ್ ಸಂದಿಗೆ ಸೇರಿದ ದೂಳು-ಕೆಸರು, ಅಂಟಿಕೊಂಡ ರಬ್ಬರ್. ಈ ಮೂರಕ್ಕೂ ತೋಳ್ಬಲ ಮದ್ದಲ್ಲ.

ಮೊದಲು ಜಾಗ ನೋಡಿ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ನೆಲದ ಮೇಲೇ ಹರಿಯುತ್ತದೆ. ಹಜಾರದಲ್ಲಿ ಸ್ಕೂಟರ್ ಬಿಚ್ಚಿದರೆ ಆ ಆವಿ ಒಳಗಿನ ದೇವರ ದೀಪದವರೆಗೆ, ಗ್ಯಾಸ್ ಒಲೆಯವರೆಗೆ ಹೋಗಬಲ್ಲದು. ಹಾಗಾಗಿ ಬಯಲಲ್ಲೇ ಕೆಲಸ ಮಾಡಿ, ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಬೀಡಿ-ಸಿಗರೇಟು ದೂರವಿರಲಿ. ವೈರ್ ಎಳೆದು ಹಾಕುವ ಬಲ್ಬಿನ ಬದಲು ಟಾರ್ಚ್ ಬಳಸಿ. ಪಕ್ಕದಲ್ಲಿ ಒಂದು ಬಕೆಟ್ ಮರಳು, ಸಾಧ್ಯವಾದರೆ ಎಬಿಸಿ ಪೌಡರ್ ಸಿಲಿಂಡರ್ ಇರಲಿ. ಉರಿಯುವ ಪೆಟ್ರೋಲಿಗೆ ನೀರು ಸುರಿಯಬಾರದು. ಬೆಂಕಿ ಇನ್ನಷ್ಟು ಹರಡುತ್ತದೆ.

ಪ್ರೆಶರ್ ಇಳಿಸಿ

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಸ್ಕೂಟರ್, ಬೈಕುಗಳಲ್ಲಿ ಕಾರ್ಬ್ಯುರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಇವುಗಳ ಪೈಪಿನಲ್ಲಿ ಸುಮಾರು 3 ಬಾರ್ ಪ್ರೆಶರ್ ಇರುತ್ತದೆ, ಅಂದರೆ ಕಾರಿನ ಟೈರಿನ ಗಾಳಿಗಿಂತ ಹೆಚ್ಚು. ಇಂಜಿನ್ ಆಫ್ ಮಾಡಿದರೂ ಅದು ಹಾಗೇ ಉಳಿದಿರಬಹುದು.

ಇಳಿಸುವ ದಾರಿ ಸುಲಭ. ಪಂಪಿನ ಫ್ಯೂಸ್ ಇಲ್ಲವೇ ವೈರ್ ಕಪ್ಲರ್ ತೆಗೆದು ಇಂಜಿನ್ ಸ್ಟಾರ್ಟ್ ಮಾಡಿ. ಪೈಪಿನಲ್ಲಿದ್ದ ಪೆಟ್ರೋಲ್ ಖಾಲಿಯಾಗಿ ತಾನೇ ನಿಲ್ಲುತ್ತದೆ. ಇನ್ನೊಂದೆರಡು ಸಲ ಸೆಲ್ಫ್ ಹೊಡೆದು, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಆಮೇಲೂ ಒಂದಿಷ್ಟು ಪೆಟ್ರೋಲ್ ಸೋರುತ್ತದೆ, ಜಾಯಿಂಟಿಗೆ ಹಳೇ ಕಾಟನ್ ಬಟ್ಟೆ ಸುತ್ತಿಕೊಳ್ಳಿ. ಕಣ್ಣಿಗೆ ಕನ್ನಡಕ ಇರಲಿ.

ಯಾವ ಜಾಯಿಂಟಿಗೆ ಯಾವ ಉಪಾಯ?

ಪ್ಲಾಸ್ಟಿಕ್ ಲಾಕ್: ಗದ್ದೆ ಬದಿ, ಕಬ್ಬಿನ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಲಾಕ್ ಸಂದಿ ಮಣ್ಣು ತುಂಬಿ ಕಲ್ಲಾಗಿರುತ್ತದೆ. ಮೊದಲು ಬ್ರಷ್, ಗಾಳಿಯಿಂದ ಸ್ವಚ್ಛ ಮಾಡಿ. ಆಮೇಲೆ ಪೈಪನ್ನು ಎಳೆಯಬೇಡಿ, ಒಳಕ್ಕೆ ಒತ್ತಿ. ಆಗ ಲಾಕ್ ಮೇಲಿನ ಬಿಗಿ ಸಡಿಲವಾಗುತ್ತದೆ. ಎರಡೂ ಕಿವಿ ಅದುಮಿ, ಸ್ವಲ್ಪ ಅತ್ತಿತ್ತ ತಿರುಗಿಸಿ ನೇರವಾಗಿ ಹೊರಕ್ಕೆ ತೆಗೆಯಿರಿ. ಕೆಲವದರಲ್ಲಿ ಎರಡನೇ ಲಾಕ್ ಕೂಡ ಇರುತ್ತದೆ, ಅದನ್ನು ಮೊದಲೇ ಸರಿಸಬೇಕು.

ರಬ್ಬರ್ ಪೈಪ್: ಕ್ಲಿಪ್ ಹಿಂದಕ್ಕೆ ಸರಿಸಿ, ಪೈಪನ್ನು ತಿರುಚಿ ಅಂಟು ಬಿಡಿಸಿ. ಆಮೇಲಷ್ಟೇ ಎಳೆಯಿರಿ. ಬರದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಹೊಸದು ಹಾಕುವುದೇ ಲೇಸು. ಸೀಳುವಾಗ ಮೂತಿಗೆ ಗೀರು ಬೀಳಬಾರದು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್. ಹಳೇ ಗಾಡಿಗಳ ರಬ್ಬರ್ ಇದಕ್ಕೆ ಹೊಂದದೆ ಬೇಗ ಕೆಡಬಹುದು. ಬಿರುಕು ಕಂಡರೆ ಅದೇ ಪೈಪ್ ಮತ್ತೆ ಹಾಕಬೇಡಿ.

ನಟ್ ಜಾಯಿಂಟ್: ಹಳೇ ಡೀಸೆಲ್ ಗಾಡಿ, ಟ್ರ್ಯಾಕ್ಟರುಗಳಲ್ಲಿ ಇದೇ ಜಾಸ್ತಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಕಟಿಂಗ್ ಪ್ಲೇಯರ್ ಹಾಕಿದರೆ ನಟ್ಟಿನ ಮೂಲೆ ಸವೆದು ಯಾವ ಸ್ಪ್ಯಾನರೂ ಕೂರಲ್ಲ. ಸರಿಯಾದ ಅಳತೆಯ ಎರಡು ಸ್ಪ್ಯಾನರ್ ಬೇಕು: ಒಂದು ನಟ್ ತಿರುಗಿಸಲು, ಇನ್ನೊಂದು ಎದುರು ಭಾಗ ಹಿಡಿದಿಡಲು. ಇಲ್ಲದಿದ್ದರೆ ನಟ್ ಜೊತೆ ಪೈಪೂ ತಿರುಚಿಕೊಳ್ಳುತ್ತದೆ. ಬೆಂಕಿ ಹಾಕಿ ಬಿಸಿ ಮಾಡುವುದು ಬೇಡವೇ ಬೇಡ. ತಾಮ್ರದ ವಾಷರ್ ಇದ್ದರೆ ಪ್ರತಿ ಸಲವೂ ಹೊಸದು ಹಾಕಿ.

ಜೋಡಿಸಿದ ಮೇಲೆ

ಪ್ಲಾಸ್ಟಿಕ್ ಲಾಕ್ ‘ಟಕ್’ ಅನ್ನುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಫ್ಯೂಸ್, ಬ್ಯಾಟರಿ ವೈರ್ ಹಾಕಿ ಎರಡು-ಮೂರು ಸಲ ಕೀ ಆನ್-ಆಫ್ ಮಾಡಿ, ಸ್ಟಾರ್ಟ್ ಬೇಡ. ಒಂದು ಹನಿ ಕಂಡರೂ, ವಾಸನೆ ಬಂದರೂ ಮತ್ತೆ ಬಿಚ್ಚಿ ನೋಡಿ.

ಇದನ್ನು ಮುಟ್ಟಬೇಡಿ

ಈಗಿನ ಕಾಮನ್ ರೈಲ್ ಡೀಸೆಲ್ ಗಾಡಿಗಳಲ್ಲಿ ಪ್ರೆಶರ್ 1,000 ಬಾರ್ ದಾಟುತ್ತದೆ. ಸೂಜಿಯಷ್ಟು ತೆಳುವಾಗಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ಈ ಪೈಪುಗಳ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ಉಳಿದ ಗಾಡಿಗಳಲ್ಲೂ ಎರಡು ಸಲ ಪ್ರಯತ್ನಿಸಿ ಬಿಚ್ಚದಿದ್ದರೆ ಅಲ್ಲಿಗೇ ನಿಲ್ಲಿಸಿ; ಮುರಿಯದ ಜಾಯಿಂಟ್ ಬಿಚ್ಚಲು ಮೆಕ್ಯಾನಿಕ್ ಕೇಳುವುದು ಕೂಲಿ ಮಾತ್ರ. ಬೆಂಕಿ ಹತ್ತಿದರೆ ಗಾಡಿಯ ಆಸೆ ಬಿಟ್ಟು ಮೊದಲು ಜನರನ್ನು ದೂರ ಕಳಿಸಿ, 112ಕ್ಕೆ ಕರೆ ಮಾಡಿ.