ಇಲಿ ಬಿದ್ರೆ ಊರು ಬಿಡ್ಬೇಕು!

ಕಳೆದ ರಜೆಯಲ್ಲಿ ನಾವು ಮೂವರು ಗೆಳೆಯರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ ಹೋಗಿದ್ವಿ. ನಮ್ಮಲ್ಲೊಬ್ಬನ ಅಜ್ಜಿ ಮನೆ ಅಲ್ಲಿದೆ. ಅಟ್ಟದಲ್ಲಿ ಇಲಿಯೊಂದು ಸತ್ತು ವಾಸನೆ ಬರ್ತಿತ್ತು. ಅಜ್ಜಿ, "ನಮ್ಮಜ್ಜಿ ಕಾಲದಲ್ಲಿ ಹಿಂಗೆ ಇಲಿ ಬಿದ್ರೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕ್ಕೊತಿದ್ರು ಕಣ್ರಪ್ಪಾ" ಅಂದ್ರು. ನಾವು ಮೂಢನಂಬಿಕೆ ಅಂತ ನಕ್ಕೆವು. ಅಜ್ಜಿ ನಗಲಿಲ್ಲ. ಅವರಜ್ಜಿಯ ಇಬ್ಬರು ಮಕ್ಕಳು ಪ್ಲೇಗಿನಲ್ಲೇ ಹೋದರಂತೆ.

ಕಾಲೇಜಿಗೆ ಬಂದ ಮೇಲೆ ಇದರ ಬಗ್ಗೆ ಓದಿದ್ವಿ. ತಪ್ಪು ನಮ್ಮದೇ ಅಂತ ಗೊತ್ತಾಯ್ತು.

ಪ್ಲೇಗ್ ಬೆಂಗಳೂರಿಗೆ ಬಂದದ್ದು 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಆಮೇಲೆ ಎಷ್ಟೋ ವರ್ಷ ಮತ್ತೆ ಮತ್ತೆ ಬರ್ತಾನೇ ಇತ್ತು. ಹೆಚ್ಚು ಪೆಟ್ಟು ತಿಂದದ್ದು ಪೇಟೆ. ಇಕ್ಕಟ್ಟಾದ ಬೀದಿಗಳು, ಗೋಡೆಗೆ ಗೋಡೆ ತಾಗಿದ ಮಣ್ಣಿನ ಮನೆಗಳು, ಪಕ್ಕದಲ್ಲೇ ಧಾನ್ಯದ ಮಂಡಿಗಳು. ಇಲಿಗಳಿಗೆ ಇನ್ನೇನು ಬೇಕು? ಕಾಯಿಲೆ ಹತ್ತಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳೀತಿರಲಿಲ್ಲ.

ಯೆರ್ಸಿನ್ ಎಂಬ ವಿಜ್ಞಾನಿ ಹಾಂಗ್‌ಕಾಂಗ್‌ನಲ್ಲಿ 1894ರಲ್ಲೇ ಪ್ಲೇಗಿನ ಬ್ಯಾಕ್ಟೀರಿಯಾ ಕಂಡುಹಿಡಿದಿದ್ದ. ಆದರೆ ಅದು ಹೇಗೆ ಹರಡುತ್ತೆ ಅನ್ನೋದು ಸ್ಪಷ್ಟವಿರಲಿಲ್ಲ. ಹಾಗಾಗಿ ಅಧಿಕಾರಿಗಳು ರೈಲ್ವೆ ಸ್ಟೇಷನ್ನಿನಲ್ಲಿ ಜನರನ್ನು ತಪಾಸಣೆ ಮಾಡಿದರು, ರೋಗಿಗಳನ್ನು ಕ್ಯಾಂಪಿಗೆ ಸಾಗಿಸಿದರು. ಜನ ಹೆದರಿ ರೋಗಿಗಳನ್ನೇ ಬಚ್ಚಿಟ್ಟರು.

1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ವೈದ್ಯ ಉತ್ತರ ಕಂಡುಕೊಂಡ: ಇಲಿಯ ಮೈಮೇಲಿನ ಚಿಗಟ! ಬ್ಯಾಕ್ಟೀರಿಯಾ ಬೆಳೆದು ಚಿಗಟದ ಅನ್ನನಾಳ ಕಟ್ಟಿಕೊಳ್ಳುತ್ತೆ. ಎಷ್ಟು ರಕ್ತ ಹೀರಿದರೂ ಅದರ ಹಸಿವು ತೀರಲ್ಲ, ಕಚ್ಚಿದಾಗೆಲ್ಲ ಬ್ಯಾಕ್ಟೀರಿಯಾವನ್ನು ಗಾಯದೊಳಗೆ ಉಗುಳುತ್ತೆ. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಬೇರೆ ಬಿಸಿ ಮೈ ಹುಡುಕುತ್ತೆ. ಅದು ನಮ್ಮದೂ ಆಗಬಹುದು. ಇದನ್ನು ಎಲ್ಲರೂ ಒಪ್ಪೋಕೆ ಸುಮಾರು ಹತ್ತು ವರ್ಷ ಹಿಡೀತು.

ಅಂದ್ರೆ, ಇಲಿ ಬಿದ್ದ ತಕ್ಷಣ ಊರು ಬಿಡೋದು ಸರಿಯಾದ ಲೆಕ್ಕವೇ ಆಗಿತ್ತು. ಚಿಗಟ ಮನುಷ್ಯರ ಮೈಗೆ ಹಾರೋ ಮೊದಲೇ ಜನ ದೂರ ಹೋಗ್ತಿದ್ರು.

ನಗರದಲ್ಲಿ ಎಲ್ಲರೂ ಹೊಲಕ್ಕೆ ಹೋಗೋಕಾಗಲ್ಲ. ಅಲ್ಲಿ ಮನೆಗಳನ್ನೇ ಬದಲಾಯಿಸಬೇಕಾಯ್ತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಇದೇ ಸಮಯದಲ್ಲಿ: ಅಗಲ ರಸ್ತೆ, ಮನೆಗಳ ನಡುವೆ ಗಾಳಿ ಬೆಳಕು, ಹಿಂದುಗಡೆ ಕಸ ಸಾಗಿಸೋಕೆ ಸಣ್ಣ ಓಣಿ. ದಂಡು ಪ್ರದೇಶದ ಫ್ರೇಜರ್ ಟೌನ್‌ನಲ್ಲಂತೂ ಇಲಿ ಬಿಲ ತೋಡದ ಹಾಗೆ ಮನೆ ಕಟ್ಟೋ ಪ್ರಯತ್ನವೇ ನಡೀತು. ಸಿವಿಲ್ ಬ್ರಾಂಚಿನವರು ಗಮನಿಸಿ, ಪ್ಲೇಗಿನ ವಿರುದ್ಧ ಡಾಕ್ಟರುಗಳ ಜೊತೆ ಎಂಜಿನಿಯರುಗಳೂ ಕೆಲಸ ಮಾಡಿದ್ದರು.

ಈಗ ಪ್ಲೇಗಿಗೆ ಆ್ಯಂಟಿಬಯಾಟಿಕ್ ಇದೆ, ಬೇಗ ಕೊಟ್ಟರೆ ವಾಸಿಯಾಗುತ್ತೆ. ಆದರೆ ಅಜ್ಜಿಯ ಅಜ್ಜಿಗೆ ಆಗ ಇದ್ದದ್ದು ಆ ಒಂದು ತಿಳುವಳಿಕೆ ಮಾತ್ರ. ನಾವು ನಕ್ಕದ್ದು ಅದಕ್ಕೇ.

ಫೋನ್ ಮಾಡಿ ಚಿಗಟದ ಕಥೆ ಹೇಳಿ, ಕ್ಷಮೆ ಕೇಳಿದ್ವಿ. ಅಜ್ಜಿ ಪೂರ್ತಿ ಕೇಳಿ, "ಅದೇನೋಪ್ಪಾ, ಸತ್ತ ಇಲಿನ ಬರಿಗೈಲಿ ಮುಟ್ಟಬೇಡಿ" ಅಂದ್ರು.